ಒಂದೇ ದನಿ

ಲುಬ್ಲಿನ್ನಿನ ನಾಲ್ಕನೇ ಮಹಡಿಯಲ್ಲಿ
ನಮ್ಮ ಟೀವಿಯೊಳಗಿದ್ದದ್ದು ಒಬ್ಬನೇ ಗಂಡಸು.
ನಾಯಕಿ ಅತ್ತರೂ ಅವನೇ, ಕಳ್ಳ ಬೈದರೂ ಅವನೇ,
ಹಡಗು ಮುಳುಗುವಾಗ ಮಗು ‘ಅಮ್ಮಾ’ ಅಂದದ್ದೂ ಅವನೇ.
ಹವಾಮಾನ ವರದಿ ಓದಿದ ಹಾಗೆ,
ಏರಿಲ್ಲ, ಇಳಿತವಿಲ್ಲ.
ಅವರ ಅಸಲು ಮಾತು ಹಿಂದೆಲ್ಲೋ
ಗೋಡೆಯಾಚೆಯ ಜಗಳದಂತೆ
ಕೇಳಿಯೂ ಕೇಳದೆ.

ಪರದೇಶದಲ್ಲಿ ಮುತ್ತು ಕೊಡುವಾಗ
ಯಾರೋ ಪಕ್ಕ ನಿಂತು ಓದುತ್ತಾರೆ ಕಣೇ,
ಅಂದಿದ್ದಳು ಅಕ್ಕ ಬೊಗ್ನಾ.
ನಂಬಿದ್ದೆ.
ಹದಿನಾರರಲ್ಲಿ, ಟ್ರಾಲಿಬಸ್ ನಿಲ್ದಾಣದಲ್ಲಿ,
ಅವನ ಉಪ್ಪಿನಕಾಯಿ ಸೌತೆಯ ಬಾಯಿ ಹತ್ತಿರ ಬಂದಾಗಲೂ
ಕಿವಿಗೊಟ್ಟು ಕಾದೆ.
ಮೇಲೆ ತಂತಿ ಗುಂಯ್ ಅಂದಿತು, ಅಷ್ಟೆ.

ಈಗ ಕನಸುಗಳಿಗೂ ಆ ಟೀವಿಯವನೇ.
ಅಪ್ಪ ಬರುತ್ತಾರೆ, ಆಲೂಗಡ್ಡೆಯ ಗೋಣಿ ಹೊತ್ತು.
ತುಟಿ ಆಡುತ್ತದೆ.
‘ಮೆಟ್ಟಿಲ ದೀಪ ಕೆಟ್ಟಿದೆ, ಜೋಪಾನ’
ಎಂದು ಅವನು ಓದುತ್ತಾನೆ, ಅರೆಗಳಿಗೆ ತಡವಾಗಿ.
ತುಸು ಸುಮ್ಮನಿರಯ್ಯಾ,
ನನಗೆ ಹಿಂದಿನ ದನಿ ಬೇಕು, ಅನ್ನುತ್ತೇನೆ.

ಪಾಪ, ಸುಮ್ಮನಾಗುತ್ತಾನೆ.

ಅಪ್ಪನ ತುಟಿ ಆಡುತ್ತಲೇ ಇದೆ.
ಗೋಣಿಯೊಳಗೆ ಗಡ್ಡೆ ಹೊರಳಿದ ಸದ್ದು,
ಬೇರೇನಿಲ್ಲ.
ಓದು ಮಾರಾಯ,
ಓದು.