ಗೀಟು

ನೂರು ಕಿಲೋಮೀಟರಿನ ಒಂದು ಚೌಕ.
ಅದರೊಳಗೆ ಕಾರವಾರ, ಕಾಳಿಯ ಬಾಯಿ, ಜೋಯ್ಡಾದ ಕಾಡು,
ಅರಬ್ಬಿಯ ಒಂದು ಚೂರು. ಎಲ್ಲಕ್ಕೂ ಒಂದೇ ತೇವ, ಒಂದೇ ಗಾಳಿ.
ಮಾದರಿಗೆ ಅಷ್ಟು ಸಾಕು.

ಸಾಲದು ಎನ್ನಲು ನಾನು ಹವಾಮಾನ ಓದಿದವಳಲ್ಲ.
ಬೈತಖೋಲದ ಐಸ್ ಕಾರ್ಖಾನೆಯ ಮಾಳಿಗೆಯಲ್ಲಿ ಕೂತು
ಓದಿದವರು ಕೂಡಿ ದುಡಿಯಲು ಪರದೆ ಕಟ್ಟುವವಳು:
ಎಲ್ಲಿ ಒತ್ತಬೇಕು,
ಒತ್ತಿದವರು ಯಾರೆಂದು ಉಳಿದವರಿಗೆ ಹೇಗೆ ತಿಳಿಯಬೇಕು.
ಕೆಳಗೆ ಬರ್ಫ ಒಡೆಯುವ ಯಂತ್ರ. ಮೇಜು ನಡುಗಿದಾಗ
ಚಹಾದಲ್ಲಿ ಉಂಗುರ.

ಮಂಗಳವಾರ ರಾತ್ರಿ ಪುಣೆಯಿಂದ ಶಾಲ್ಮಲಿ
ಆ ಚೌಕದ ಮಣ್ಣಿನ ತೇವ ತಿದ್ದಿದಳು.
ಅದೇ ನಿಮಿಷ ಹ್ಯಾಂಬರ್ಗಿನಲ್ಲಿ ಯೋರ್ನ್ ಕೂಡ.
ನಾನೇ ಬರೆದ ನಿಯಮದಂತೆ ಪರದೆ
ಕೊನೆಗೆ ಬಂದವನನ್ನು ಉಳಿಸಿಕೊಂಡು ಅವಳನ್ನು ಅಳಿಸಿತು,
ಸದ್ದಿಲ್ಲದೆ.
ಹನ್ನೊಂದು ದಿನ ಓಡಿದ ಮಾದರಿ
ಜೋಯ್ಡಾದ ಮೇಲೆ ಇಲ್ಲದ ಮಳೆ ಸುರಿಸಿತು.

ಫೋನಿನಲ್ಲಿ ಅವಳು ಬೈಯಲಿಲ್ಲ.
‘ನನ್ನ ಅಂಕಿ ತಪ್ಪಿದ್ದರೆ ತಪ್ಪು ಅನ್ನಿ.
ಇರಲೇ ಇಲ್ಲ ಅಂತ ಮಾಡಬೇಡಿ.’

ಐನೂರರ ನೋಟಿಗೆ ಚಿಲ್ಲರೆ ಕೇಳಲು
ಬಂದರಿನ ನೀರಳೆಯುವ ಪುರಸು ತಾಂಡೇಲರ ಕೋಣೆಗೆ ಹೋಗಿದ್ದೆ.
ಎಣ್ಣೆ ಕುಡಿದ ರಟ್ಟಿನ ರಿಜಿಸ್ಟರು ತೆರೆದಿತ್ತು.
೧.೮೨, ಮೇಲೊಂದು ತೆಳು ಗೀಟು.
ಪಕ್ಕದಲ್ಲಿ ೧.೭೪. ಅಡಿಯಲ್ಲಿ ಪು. ತಾಂ., ಮತ್ತೆ ಸಣ್ಣಗೆ:
ಟ್ರಾಲರ್ ಹೋಯ್ತು. ಅಲೆ ನಿಂತ ಮೇಲೆ ಮತ್ತೆ ನೋಡಿದೆ.

‘ರಬ್ಬರ್ ಇಲ್ಲವೇನು?’
‘ಉಂಟು. ಮೊಮ್ಮಗಳ ಚಿತ್ರಕ್ಕೆ.
ಗೀಟು ಎಳೆದರೆ ಕೆಳಗಿದ್ದದ್ದು ಓದಲಿಕ್ಕೆ ಬರಬೇಕು, ಬಾಯಿ.
ಅಳಿಸೋದು ಸಮುದ್ರದ ಕೆಲಸ. ನನಗೆ ಸಂಬಳ ಬರೆಯೋದಕ್ಕೆ.’

ಮೂರು ವಾರ ಹಿಡಿಯಿತು. ಈಗ ಪರದೆಯಲ್ಲಿ
ಎರಡು ಅಂಕಿ ಎದುರಾದರೆ ಎರಡೂ ನಿಲ್ಲುತ್ತವೆ,
ಒಂದರ ಮೇಲೆ ಗೀಟು, ಪಕ್ಕಕ್ಕೆ ಖಾಲಿ ಪೆಟ್ಟಿಗೆ: ಯಾಕೆ?
ತುಂಬುವ ತನಕ ಮಾದರಿ ಓಡುವುದಿಲ್ಲ.
ಯೋರ್ನ್ ಗೊಣಗಿದ, ಒಂದು ಒತ್ತು ಹೆಚ್ಚಾಯಿತೆಂದು.
ಮಾರನೆ ದಿನ ಅವನೇ ಎಂಟು ಸಾಲು ಬರೆದಿದ್ದ.
ಶಾಲ್ಮಲಿಯದು ಒಂದೂವರೆ:
ಗೊತ್ತಿಲ್ಲ. ಆದರೆ ಆ ವಾರ ಕದ್ರಾದ ಗೇಟು ತೆಗೆದಿದ್ದರು.
ಪೆಟ್ಟಿಗೆ ‘ಗೊತ್ತಿಲ್ಲ’ವನ್ನು ಒಪ್ಪಬೇಕೋ ಬೇಡವೋ
ಎಂದು ನಾನು ಯೋಚಿಸಿರಲಿಲ್ಲ. ಒಪ್ಪಿಸಿದೆ.

ಚೌಕ ಈಗಲೂ ನೂರು ಕಿಲೋಮೀಟರು.
ಕಾಳಿ ಅದರಲ್ಲಿ ಎಲ್ಲೂ ಕಾಣುವುದಿಲ್ಲ.
ಚಿಲ್ಲರೆ ಕೇಳುವುದು ಅವತ್ತು ಮರೆತೇ ಹೋಯಿತು.
ನೋಟು ಇನ್ನೂ ಕಿಸೆಯಲ್ಲಿದೆ. ಗೋಡೆಯ ಮೇಲೆ
ಚಹಾದ ಬಾಕಿ ಬರೆದಿಟ್ಟಿದ್ದೇನೆ, ಹನ್ನೆರಡು ಕಪ್ಪು.
ಗೀಟು ಎಳೆದಿಲ್ಲ.