ಬಹುಶಃ ಎಡ

ಕ್ಲಿಫರ್ಡ್ ಬರೆದಿಟ್ಟ ಚೀಟಿಗಳೆಲ್ಲ ಹೀಗೇ:
‘ಬಹುಶಃ ಎಡ.’
‘ಇದೇನೋ ತಿಳಿಯದು, ಬಿಸಾಡಬೇಡ.’
‘ಮೂರಿದ್ದವು, ಈಗ ಎರಡು.’
ಎರಡು ಚಕ್ರ, ತುಕ್ಕು ಹಿಡಿದ ಚೌಕಟ್ಟು,
ಹನ್ನೊಂದು ಬಿಸ್ಕತ್ತಿನ ಡಬ್ಬಿ, ಒಂದು ದಿಂಬಿನ ಚೀಲ;
ಫೆಬ್ರವರಿಯಲ್ಲಿ ಅವನನ್ನು ಮಣ್ಣು ಮಾಡಿದ ಮರುವಾರ
ಬಾಡಿಗೆ ವ್ಯಾನಿನಲ್ಲಿ ಬಂದು ನನ್ನ ಅಡುಗೆಮನೆಯಲ್ಲಿ ಇಳಿದವು.
ಹ್ಯಾಲಿಫ್ಯಾಕ್ಸಿನ ಈ ಏರುಬೀದಿಯಲ್ಲಿ
ಯಾರ ಮನೆಗೂ ಗ್ಯಾರೇಜಿಲ್ಲ.

ಐವತ್ತೊಂದನೇ ಇಸವಿಯ ಪ್ಯಾಂಥರ್.
ಇಲ್ಲೇ, ಗುಡ್ಡದಾಚೆ ಕ್ಲೆಕ್‌ಹೀಟನ್ನಿನಲ್ಲಿ ಹುಟ್ಟಿದ್ದು.
ಬೇರೆ ಗಾಡಿಗಳಲ್ಲಿ ಚೌಕಟ್ಟಿನೊಳಗೆ ಇಂಜಿನ್ ಕೂರುತ್ತದೆ,
ಮನೆಯೊಳಗೆ ಒಲೆ ಕೂತ ಹಾಗೆ.
ಇದಕ್ಕೆ ಹಾಗಲ್ಲ.
ಇಂಜಿನ್ನೇ ಮುಂಗಂಬ. ಅದನ್ನು ಕಳಚಿದರೆ
ಸೊಂಟ ಮುರಿದ ಕತ್ತೆಯಂತೆ ಕುಸಿಯುತ್ತದೆ ಎಲ್ಲ.
ಎಂಟು ತಿಂಗಳು ಅದರ ಗದ್ದಕ್ಕೆ
ಬ್ರೆಡ್ಡಿನ ಕ್ರೇಟು ಕೊಟ್ಟು ನಿಲ್ಲಿಸಿದ್ದೆ.

ಪಕ್ಕದ ಮನೆಯ ಇಫ್ತಿಕಾರ್ ರಾತ್ರಿ ಪಾಳಿ ಮುಗಿಸಿ ಬಂದ,
ಬೇಕರಿಯ ಹಿಟ್ಟು ಇನ್ನೂ ಹುಬ್ಬಿನ ಮೇಲೆ.
“ಎತ್ತುವುದು ಬೇಡ ಡೊರೀನ್ ಆಂಟಿ. ಇಂಜಿನ್ ಮಲಗಿರಲಿ,
ಮೇಲಿಂದ ಗಾಡಿಯನ್ನೇ ಹೊದಿಸೋಣ.”
ಹಳೆಯ ರಗ್ಗಿನ ಮೇಲೆ ಅದು ಮಗ್ಗುಲಾಯಿತು.
ಉದ್ದನೆಯ ಬೋಲ್ಟು ಮುಕ್ಕಾಲು ಹೋಗಿ ಮುನಿಸಿಕೊಂಡಿತು.
ಹಿಡಿ, ಬಿಡು, ನಿನ್ನ ಕಡೆ ಕೂದಲೆಳೆಯಷ್ಟು, ನನ್ನ ಕಡೆ,
ಅಯ್ಯೋ ಬೆರಳು,
ಟಕ್.
ಎತ್ತಿ ನಿಲ್ಲಿಸಿದೆವು. ಕ್ರೇಟನ್ನು ಒದ್ದು ಸರಿಸಿದೆ.
ತನ್ನ ಕಾಲ ಮೇಲೆ ತಾನು ನಿಂತಿತು.

ಇನ್ನು ಹೊಗೆಕೊಳವೆ.
ಸಿಲಿಂಡರು ಒಂದೇ, ಬಾಯಿ ಎರಡು.
ಯಾಕೆ ಎರಡು ಎಂದರೆ ಕ್ಲಿಫರ್ಡ್
“ಚಂದಕ್ಕೆ” ಅನ್ನುತ್ತಿದ್ದ. ಜನ್ಮದಲ್ಲಿ ಅವನು ಕೊಟ್ಟ
ಒಂದೇ ನೇರ ಉತ್ತರ.
ತಾಮ್ರದ ಬಳೆಗಳನ್ನು ಗ್ಯಾಸಿನ ಉರಿಯಲ್ಲಿ ಕೆಂಪಗೆ ಕಾಯಿಸಿ
ಆಲೂಗಡ್ಡೆ ತೊಳೆಯುವ ಬೋಗುಣಿಯಲ್ಲಿ ಅದ್ದಿದೆ, ಚುಂಯ್.
ಉಕ್ಕಾಗಿದ್ದರೆ ಸೆಟೆದುಕೊಳ್ಳುತ್ತಿತ್ತು.
ತಾಮ್ರ ಮೆತ್ತಗಾಗುತ್ತದೆ, ಕೂತಲ್ಲಿ ಒಗ್ಗುತ್ತದೆ.
ಎರಡೂ ಕೊಳವೆ ಬಾಯಿ ಕಚ್ಚಿದವು ಸರಿ,
ಬಾಲ ಎಲ್ಲಿ ಕಟ್ಟುವುದು?
ಕೊಂಡಿಗಳಿಲ್ಲ. ಹನ್ನೊಂದು ಡಬ್ಬಿಯಲ್ಲೂ ಇಲ್ಲ.
ದಿಂಬಿನ ಚೀಲದ ತಳದಲ್ಲಿ ಬರೀ ಚೀಟಿ: ‘ಕೊಂಡಿ, ನೋಡು.’
ಎಲ್ಲಿ ನೋಡಲಿ ಮಾರಾಯ?

ಆಮೇಲೆ ಹೊಳೆಯಿತು.

ನನಗಾಗ ಹದಿನೇಳು. ಬಸ್ ನಿಲ್ದಾಣದ ಎದುರು
“ಎರಡು ನಿಮಿಷ ಹಿಡ್ಕೊ” ಎಂದು ಸಿಗರೇಟಿಗೆ ಹೋದ.
ಗಾಡಿ ವಾಲಿತು. ಬಲಗಾಲಿನ ಒಳಮೈ
ಕೊಳವೆಗೆ ಅಂಟಿ ಕಾಲುಚೀಲ ಕರಗಿತು.
ಬೆಣ್ಣೆ ಹಚ್ಚಿದ. ಅಮ್ಮನಿಗೆ ‘ಇಸ್ತ್ರಿಪೆಟ್ಟಿಗೆ’ ಎಂದ.
ನಾನೂ ಹಾಗೇ ಅಂದೆ. ಐವತ್ತೆರಡು ವರ್ಷ ಹಾಗೇ ಅಂದೆ,
ಗಂಡನಿಗೂ, ನರ್ಸಿಗೂ.

ಪ್ಯಾಂಟು ಮಡಚಿದೆ. ಇಫ್ತಿಕಾರ್ ಗೋಡೆ ನೋಡಿದ.
ಗಾಡಿಯ ಆಚೆಗೊಂದು ಈಚೆಗೊಂದು ಕಾಲಿಟ್ಟು ನಿಂತೆ.
ಬೆನ್ನು ಕುಗ್ಗಿದೆ, ನಿಜ,
ಮೊಣಕಾಲಿನ ಕೆಳಗೆ ಯಾರೂ ಕುಗ್ಗುವುದಿಲ್ಲ.
ಅವತ್ತು ಹಾಕಿದ್ದು ಎತ್ತರದ ಹಿಮ್ಮಡಿಯ ಶೂ, ತಡಿ,
ಒಂದೂವರೆ ಅಂಗುಲ,
“ಆ ಬ್ರೆಡ್ ಕೊಯ್ಯುವ ಹಲಗೆ ಕೊಡು.”
ಹೆಬ್ಬೆರಳಗಲದ ಬಿಳಿ ಕಲೆ, ನುಣ್ಣಗೆ, ರೋಮವಿಲ್ಲದ್ದು,
ಕೊಳವೆಯ ಬೆನ್ನಿಗೆ ಹೋಗಿ ಕೂತಿತು.
“ಗುರುತು ಹಾಕು” ಅಂದೆ.
ಗೋಡೆ ನೋಡುತ್ತಲೇ ಸೀಮೆಸುಣ್ಣಕ್ಕೆ ತಡಕಾಡಿದ.

ಬಲಗಡೆಯದನ್ನು ಕಾಲು ಹೇಳಿತು. ಎಡಗಡೆಗೆ
ರಸಮಟ್ಟ ಹಿಡಿದು ಸರಿದೂಗಿಸಿದೆವು.

ಹಿತ್ತಿಲಿಗೆ ತಳ್ಳಿದೆವು. ಹ್ಯಾಂಡಲಿಗೆ ಬಾಗಿಲ ಬಣ್ಣ ಕಿತ್ತುಬಂತು.
ಐದನೇ ಒದೆತಕ್ಕೆ ಕೆಮ್ಮಿತು. ಒಂಬತ್ತನೆಯದಕ್ಕೆ ಹಿಡಿಯಿತು.
ಎಲ್ಲೋ ಒಳಗೆ ಉಳಿದ ಇಲಿಗೂಡು ಸುಟ್ಟ ಕಮಟು,
ಬಡಿತಕ್ಕೂ ಬಡಿತಕ್ಕೂ ನಡುವೆ
ಒಂದು ಗುಟುಕು ಚಹಾ ಕುಡಿಯುವಷ್ಟು ಪುರುಸೊತ್ತು.
ಆಚೆಮನೆಯ ಮುದುಕಿ ಕಿಟಕಿ ತೆರೆದು ಬೈದಳು,
ಬೈದು ಮುಗಿದರೂ ಕಿಟಕಿ ಹಾಕಲಿಲ್ಲ.
ಕೊಳವೆಯ ಕತ್ತು ಮೆಲ್ಲಗೆ ಜೇನಿನ ಬಣ್ಣಕ್ಕೆ,
ಆಮೇಲೆ ನೇರಳೆಗೆ ತಿರುಗಿತು.
“ಕಾಲು ಜೋಪಾನ ಆಂಟಿ!”

ಅಷ್ಟರಲ್ಲಿ ಕೊಂಡಿಯೊಂದು ಸಡಿಲಾಗಿ ಗಡಗಡ.
ಆರಿಸಿದೆ. ಬಗ್ಗಿ ನೋಡಿದೆ.
ಚೀಟಿಯೊಂದು ಹರಿದು, ಬರೆದು, ಟ್ಯಾಂಕಿಗೆ ಅಂಟಿಸಿದೆ:
‘ನಾಳೆ ಬಿಗಿಸುವುದು. ಎಡ.
ಬಹುಶಃ ಅಲ್ಲ.’