ಖಾಲಿ ತೂಕ

ಫೋನು ಬಂದಾಗ ರಾತ್ರಿ ಹತ್ತೂಕಾಲು.
ದಾವಣಗೆರೆ ಎಪಿಎಂಸಿ ಹಿಂದಿನ ವೇಬ್ರಿಡ್ಜಿನ ಹಾಲಮ್ಮ:
"ಕಂಪ್ಯೂಟರಿಗೆ ತನ್ನ ಹೊಟ್ಟೆಯಾಗಿರೋದೇ ಕಾಣವಲ್ದಂತೆ,
ಜಲ್ದಿ ಬಾರಪ್ಪ, ಹನ್ನೊಂದು ಲಾರಿ ನಿಂತಾವೆ."

ನಿಂತಿದ್ದವು. ಮೆಕ್ಕೆಜೋಳ ಹೊತ್ತು, ದೀಪ ಆರಿಸಿ,
ಒಂದರ ಬೆನ್ನಿಗೊಂದು ಮೂತಿ ಹಚ್ಚಿ
ತಿರುವಿನ ಬೇವಿನ ಮರದ ತನಕ.
ಟೈರಿಗೊರಗಿ ಖಾರ ಮಂಡಕ್ಕಿ ಮುಕ್ಕುತ್ತಿದ್ದ ಡ್ರೈವರೊಬ್ಬ
ನನ್ನ ಚೀಲ ನೋಡಿ "ಡಾಕ್ಟ್ರು ಬಂದ್ರು" ಅಂದ.
ಯಾರೂ ನಗಲಿಲ್ಲ.

ಸಂಜೆ ಬರಿದಾಗಿ ಬಂದು ತೂಗಿಸಿಕೊಂಡು ಹೋದವು ಇವು.
ಆ ಖಾಲಿ ತೂಕ ಒಳಗಿದೆ, ಅಂಗೈಯಗಲದ ಡಿಸ್ಕಿನಲ್ಲಿ.
ಅದು ಸಿಗದೆ ತುಂಬಿದ್ದೆಷ್ಟು ಎಂದು ಯಾರೂ ಹೇಳಲಾರರು;
ಕಬ್ಬಿಣ ಯಾವುದು, ಕಾಳು ಯಾವುದು,
ಎಲ್ಲ ಒಂದೇ ಭಾರ.

ಕಪ್ಪು ಪರದೆಯ ಮೇಲೆ ಬಿಳಿ ಸಾಲೊಂದು: ಡಿಸ್ಕ್ ಇಲ್ಲ.
ಯಂತ್ರಕ್ಕೆ ಇಲ್ಲ ಅನ್ನುವುದು ಸಲೀಸು,
ಕೂಗಿದ್ದಕ್ಕೆ ಓ ಅನ್ನದಿದ್ದರೆ
ಈ ಮನೆಯಲ್ಲಿ ಮನುಷ್ಯರೇ ಇಲ್ಲ ಅಂತ ಬರೆದುಕೊಂಡು
ಮುಂದೆ ಹೋಗುವ ಗಣತಿಯವನ ಹಾಗೆ.

ಡಿಲೀಟ್ ಕೀಲಿ ಒತ್ತಿ ಒತ್ತಿ ಬಯೋಸಿಗೆ ಇಳಿದೆ.
ನೀಲಿ ಪುಟ. ಗಡಿಯಾರದಲ್ಲಿ ಎರಡು ಸಾವಿರದ ಒಂಬತ್ತು, ಜನವರಿ ಒಂದು.
ಶೆಲ್ ಸತ್ತು ಎಷ್ಟು ಕಾಲವಾಯಿತೋ; ಅದು ಬೇರೆ ರೋಗ.
ಒಂದನೇ ಪೋರ್ಟು ಖಾಲಿ.
ಎರಡರಲ್ಲಿ ಯಾರೂ ಬಳಸದ ಸಿಡಿ ಡ್ರೈವು.
ಮೂರು, ನಾಲ್ಕು,
ಬಂದ್ ದಿನದ ಮಂಡಿಪೇಟೆಯ ಷಟರುಗಳು.

ಬದಿಯ ತಗಡು ಬಿಚ್ಚಿದೆ.
ಜೋಳದ ಸಿಪ್ಪೆಯ ಧೂಳು ಎಲ್ಲವನ್ನೂ ಬೆಚ್ಚಗೆ ಹೊದೆಸಿತ್ತು.
ಬ್ರಷ್ಷಿನಿಂದ ಸರಿಸಿ, ಸ್ವಿಚ್ ಹಾಕಿಸಿ,
ಡಿಸ್ಕಿನ ಬೆನ್ನ ಮೇಲೆ ಅಂಗೈಯಿಟ್ಟು ಕಿವಿಗೊಟ್ಟೆ.
ಟಿಕ್, ಟಿಕ್ ಅಂದಿದ್ದರೆ
ಎದ್ದು ಹೊರಗೆ ಹೋಗಿ ಚಹಾ ಕೇಳುತ್ತಿದ್ದೆ,
ಹೇಳುವ ಮಾತು ಹುಡುಕುವಷ್ಟು ಹೊತ್ತು.
ನಿಟುವಳ್ಳಿಯ ಸ್ಟುಡಿಯೋ ರುದ್ರಮುನಿಗೆ ಹೋದ ವರ್ಷ ಹಾಗೆ ಹೇಳಿದ್ದೆ:
ನಾಲ್ಕು ಮದುವೆ, ಒಂದು ನಾಮಕರಣ.
ಈಗಲೂ ನಾನು ಆ ರಸ್ತೆ ಬಿಟ್ಟು ಸುತ್ತಿ ಹೋಗುತ್ತೇನೆ.

ಇದು ಟಿಕ್ ಅನ್ನಲಿಲ್ಲ. ತಿರುಗುತ್ತಿತ್ತು,
ಮುಚ್ಚಿದ ಬಾಗಿಲಾಚೆ ಯಾರೋ ರಾಗಿ ಬೀಸಿದಂತೆ ಸಣ್ಣಗೆ, ಗುಂಯ್.
"ಐತ್ರಿ," ಅಂದೆ, "ಕರೆದದ್ದು ಕೇಳಿಸ್ತಿಲ್ಲ, ಅಷ್ಟೆ."

ಕೆಂಪು ಕೇಬಲ್ಲಿನ ಗುಂಟ ಬೆರಳಾಡಿಸುತ್ತ ಹೋದರೆ
ನಡುವೆ ತಾಮ್ರ ಚುಚ್ಚಿತು. ಕಡಿದದ್ದು.
ಕೆಳಗೆ, ಬಿಸಿ ತಾಗುವ ಮೂಲೆಯಲ್ಲಿ,
ತೂಕದ ಚೀಟಿಗಳನ್ನೇ ಚೂರು ಮಾಡಿ ಕಟ್ಟಿದ ಗೂಡು.
ಟನ್ನು, ಕ್ವಿಂಟಲು, ತಾರೀಖು, ಯಾರದೋ ಅರ್ಧ ಹೆಸರು,
ನಡುವೆ ಐದು ಇಲಿಮರಿ.
ಕಣ್ಣು ಬಿಟ್ಟಿರಲಿಲ್ಲ.

ಸಿಡಿ ಡ್ರೈವಿನ ಕೇಬಲ್ಲು ಕಿತ್ತು ಇದಕ್ಕೆ ಸಿಕ್ಕಿಸಿದೆ.
ಒಂದನೇ ಪೋರ್ಟಿನ ಎದುರು ಹೆಸರು ಮೂಡಿತು,
ಲಾರಿ ನಂಬರಿನ ಹಾಗೆ, ಅಕ್ಷರ, ಅಂಕಿ, ಅಕ್ಷರ.
"ಕೇಬಲ್ಲಿಗೆಷ್ಟು?" ಅಂದಳು ಹಾಲಮ್ಮ.
"ನಿಮ್ಮದೇ ಕೇಬಲ್ಲು."
"ಹಂಗಾರೆ ಬಂದಿದ್ದಕ್ಕೆ?"
ನಾನು ಹೇಳುವ ಮೊದಲೇ ಗೂಡಿಗೆ ಬಗ್ಗಿದ್ದಳು.

ಮಂಡಕ್ಕಿಯವನು "ತುಳಿದು ಒಗೀರಿ ಅತ್ಲಾಗೆ" ಅಂದ.
"ಅವರವ್ವ ಹುಡುಕ್ಕೊಂಡು ಬರ್ತಾಳೆ ಬಿಡು."
ಚೀಟಿ ಸಮೇತ ಸೆರಗಿಗೆ ತುಂಬಿಕೊಂಡು,
ಮೊದಲ ಲಾರಿಗೆ ಕೈ ಅಡ್ಡ ಹಿಡಿದು,
ತಕ್ಕಡಿಯ ಉಕ್ಕಿನ ಹಾಸಿನ ಮೇಲೆಯೇ ದಾಟಿದಳು ಗೋದಾಮಿನ ಕಡೆ.
ಗಾಜಿನೊಳಗೆ ಕೆಂಪು ಅಂಕಿ ಕದಲಿತು: ಅರವತ್ತು.
ಹತ್ತು ಕೆಜಿಗಿಂತ ಕಿರಿದಾದದ್ದು ಆ ತಕ್ಕಡಿಗೆ ಕಾಣದು.

ಸೆರಗು ಕೊಡವುತ್ತ ವಾಪಸು ಬಂದಳು.
ಅರವತ್ತು.

"ಏಯ್ ಹದಿನೇಳು, ಲೈಟ್ ಹಾಕ್ಕೊಂಡು ಮುಂದಕ್ಕೆ ಬಾ."